ಚೊಗರು ಹಿಡಿದ ನೆನಪು



ಈ ವಾರ್ಷಿಕೋತ್ಸವ ಸಂಚಿಕೆಗೆ ಇಷ್ಟು ವರ್ಷ ನನ್ನಿಂದ ಸಂದ ಸೇವೆಯೆಂದರೆ ಜಾಹೀರಾತು ಸಂಗ್ರಹಿಸುವುದು ಮತ್ತು ಮುದ್ರಣಾಲಯದ ಬಿಲ್ಲಿನ ಹಣ ಪಾವತಿ ಮಾಡುವುದು. ಲೇಖನ ಬರೆಯುವ ಯೋಗ್ಯತೆ ನನಗಿದೆಯೆಂದು ನಾನು ಎಂದೂ ಭಾವಿಸಿದವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಅಡಿಕೆ, ಕಾಳುಮೆಣಸಿನ ವ್ಯಾಪಾರಕ್ಕೆ ಕುಳಿತವನು ಇಂದಿಗೂ ಅಲ್ಲಿಂದ ಎದ್ದಿಲ್ಲ. ಆದರೂ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿರುವುದರಿಂದ, ಅದನ್ನು ತಮ್ಮೆಲ್ಲರ ಮುಂದಿಡುವ ಧೈರ್ಯ ಮಾಡಿದ್ದೇನೆ. ಶಾಸ್ತ್ರವಿಚಾರದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕಾಗಿ ವಿನಂತಿ.

ಪ್ರಶ್ನೆ ಇಷ್ಟೆ. ಒಂದು ಸಂಗತಿಯು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದಂತೆ ನಿಂತಿದೆ. ಕಣ್ಣು ಮುಚ್ಚಿದರೆ ಕಾಣುತ್ತದೆ, ಆಡಿದ ಮಾತು ಕಿವಿಗೆ ಕೇಳುತ್ತದೆ. ಅಷ್ಟು ಸ್ಪಷ್ಟವಾಗಿ ನೆನಪಿದೆ ಎಂಬ ಮಾತ್ರಕ್ಕೆ ಅದು ಹಾಗೆಯೇ ನಡೆಯಿತೆಂದು ನಂಬಬಹುದೇ? ಆ ನಂಬಿಕೆಯ ಮೇಲೆ ಒಬ್ಬ ಮನುಷ್ಯನನ್ನು ಜೀವಮಾನವಿಡೀ ದೂರವಿಡಬಹುದೇ?

ನೆನಪು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲವೆಂಬುದು ವ್ಯಾಪಾರಿಗಳಾದ ನಮಗೆಲ್ಲ ಗೊತ್ತು. ಕಳೆದ ತಿಂಗಳ ಒಂದು ಸೋಮವಾರ ಚಾಲಿ ಅಡಿಕೆಯನ್ನು ಯಾವ ದರಕ್ಕೆ ಕೊಂಡೆನೆಂದು ಕೇಳಿದರೆ ನಾನು ಪುಸ್ತಕ ತೆರೆಯಬೇಕು. ಆದರೆ 1970ರ ದಶಕದ ಆರಂಭದಲ್ಲಿ ಅಡಿಕೆಯ ದರ ಕುಸಿದು ತೋಟದವರು ಕಂಗೆಟ್ಟ ದಿನಗಳನ್ನು ಬದಿಯಡ್ಕ, ಪೆರ್ಲ ಕಡೆಯ ಹಿರಿಯ ಕೃಷಿಕರು ನಿನ್ನೆಯದೆಂಬಂತೆ ಹೇಳುತ್ತಾರೆ. 1973ರಲ್ಲಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿಕೊಂಡದ್ದು ಆ ಸಂಕಟದಿಂದಲೇ. ಅನಂತರ ಬಂದ ಒಳ್ಳೆಯ ದರದ ವರ್ಷಗಳ ವಿಷಯ ಎತ್ತಿದರೆ ಅದೇ ಹಿರಿಯರು 'ಹೌದು, ಅಡ್ಡಿಯಿರಲಿಲ್ಲ' ಎಂದು ಸುಮ್ಮನಾಗುತ್ತಾರೆ. ಕೊಟ್ಟ ಉದ್ರಿ ನೆನಪಿರುವಷ್ಟು ಪಡೆದ ಉದ್ರಿ ನೆನಪಿರುವುದಿಲ್ಲವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಆಚಾರ್ಯರು ಈ ವಿಷಯವನ್ನು ಬಹಳ ಹಿಂದೆಯೇ ವಿಚಾರಿಸಿದ್ದಾರೆ. ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಹಂತಗಳನ್ನು ಹೇಳಿದೆಯಷ್ಟೆ. ಅಂಗಡಿಯ ಗಾದಿಯಲ್ಲಿ ಕುಳಿತವನಿಗೆ ಇದು ಸುಲಭವಾಗಿ ತಿಳಿಯುತ್ತದೆ. ದೂರದಲ್ಲಿ ಯಾರೋ ಬರುತ್ತಿದ್ದಾರೆಂಬಷ್ಟೇ ಅರಿವು ಅವಗ್ರಹ. ಗಿರಾಕಿಯೋ ದಲ್ಲಾಳಿಯೋ ಎಂಬ ವಿಚಾರಣೆ ಈಹೆ. ಇವರು ಇಂಥವರೇ ಎಂಬ ನಿಶ್ಚಯ ಅವಾಯ. ಆ ನಿಶ್ಚಯವನ್ನು ಮರೆಯದಂತೆ ಹಿಡಿದಿಡುವುದು ಧಾರಣೆ. ಮುಂದೆ ಸ್ಮೃತಿ ಹುಟ್ಟುವುದು ಇದರಿಂದಲೇ. ದಿನಕ್ಕೆ ನೂರು ಮುಖಗಳನ್ನು ನೋಡುತ್ತೇವೆ, ನೂರು ಮಾತುಗಳನ್ನು ಕೇಳುತ್ತೇವೆ. ಅವುಗಳಲ್ಲಿ ತೊಂಬತ್ತೊಂಬತ್ತು ಅಳಿಸಿಹೋಗಿ ಒಂದು ಮಾತ್ರ ಉಳಿಯುವುದೇಕೆ?

ಇಲ್ಲಿ ಕಷಾಯದ ಮಾತು ಬರುತ್ತದೆ. ಬಾಲ್ಯದಲ್ಲಿ ಪಾಠ ಹೇಳುತ್ತಿದ್ದ ಇಂದ್ರರು 'ಕಷಾಯವನ್ನು ಬಿಡಬೇಕು' ಎಂದಾಗ ನಾವು ಹುಡುಗರು ಶುಂಠಿ ಕಷಾಯವನ್ನು ನೆನೆದು ನಕ್ಕದ್ದುಂಟು. ಆ ನಗುವಿನಲ್ಲಿಯೂ ಅರ್ಥವಿತ್ತೆಂದು ಈಗ ತಿಳಿಯುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ಆಲ ಮೊದಲಾದ ಮರಗಳ ಒಗರು ರಸವು ಅಂಟುವಿಕೆಗೆ ಕಾರಣವಾಗುವಂತೆ ಕ್ರೋಧ, ಮಾನ, ಮಾಯೆ, ಲೋಭಗಳು ಆತ್ಮಕ್ಕೆ ಕರ್ಮವು ಅಂಟಲು ಕಾರಣವಾಗುತ್ತವೆಂದು ವಿವರಿಸಿದ್ದಾರೆ. ಇದನ್ನು ಪ್ರವಚನದಲ್ಲಿ ಕೇಳಿದ ದಿನ ನನಗೆ ನೆನಪಾದದ್ದು ಮಲೆನಾಡಿನ ಚೊಗರು. ನಮ್ಮ ಕಡೆಯ ಅಡಿಕೆ ಬಿಸಿಲಿನಲ್ಲಿ ಒಣಗಿದ ಬಿಳಿ ಚಾಲಿ. ಚೊಗರಿನ ಕೆಲಸ ಇಲ್ಲಿಲ್ಲ. ಸಾಗರ, ಶಿವಮೊಗ್ಗದ ಕಡೆ ಹಸಿ ಅಡಿಕೆಯನ್ನು ಸುಲಿದು ಬೇಯಿಸುತ್ತಾರೆ. ಬೇಯಿಸಿದ ನೀರು ಗಟ್ಟಿಯಾದಾಗ ಅದೇ ಚೊಗರು. ಅದನ್ನು ಅಡಿಕೆಗೆ ಹಚ್ಚಿ ಒಣಗಿಸಿದರೆ ಕೆಂಪು ಹೊಳಪು ಬಂದು ವರ್ಷಗಟ್ಟಲೆ ನಿಲ್ಲುತ್ತದೆ. ವಿಚಿತ್ರವೆಂದರೆ ಈ ಬಣ್ಣವು ಹೊರಗಿನಿಂದ ತಂದದ್ದಲ್ಲ, ಅಡಿಕೆಯಿಂದಲೇ ಇಳಿದದ್ದು. ಚೆನ್ನಾಗಿ ಬಣ್ಣ ಹಿಡಿದ ಅಡಿಕೆಯ ಒಳಗು ಹೇಗಿದೆಯೆಂದು ಮೇಲಿನಿಂದ ನೋಡಿದರೆ ತಿಳಿಯದು. ಕತ್ತರಿಸಿಯೇ ನೋಡಬೇಕು.

ಇಂದಿನ ವಿಜ್ಞಾನಿಗಳು ಈ ಅಂಟಿನ ಬಗೆಯನ್ನು ಪ್ರಯೋಗದಿಂದ ತೋರಿಸಿದ್ದಾರೆ. ಮನಃಶಾಸ್ತ್ರ ಓದಿದ ನನ್ನ ಮಗಳು ಇದನ್ನು ನನಗೆ ತಿಳಿಯುವಂತೆ ಹೇಳಿದಳು. 1994ರಲ್ಲಿ ಅಮೆರಿಕದ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು ಕೆಲವರಿಗೆ ಚಿತ್ರಗಳೊಂದಿಗೆ ಒಂದು ಕಥೆಯನ್ನು ಹೇಳಿದರು. ತಾಯಿಯೊಡನೆ ಹೋಗುತ್ತಿದ್ದ ಬಾಲಕನು ಅಪಘಾತಕ್ಕೆ ಸಿಕ್ಕುವ ಕಥೆ ಅದು. ಕೇಳುವ ಮೊದಲು ಅರ್ಧದಷ್ಟು ಜನರಿಗೆ ಪ್ರೊಪ್ರಾನೊಲಾಲ್ ಕೊಟ್ಟಿದ್ದರು. ನಮ್ಮಲ್ಲಿ ರಕ್ತದೊತ್ತಡದ ಕೆಲವರಿಗೆ ಈ ಮಾತ್ರೆಯ ಪರಿಚಯವಿರಬಹುದು. ಉಳಿದವರಿಗೆ ಕೊಟ್ಟದ್ದು ಔಷಧವಿಲ್ಲದ ಮಾತ್ರೆ. ಒಂದು ವಾರದ ಬಳಿಕ ವಿಚಾರಿಸಿದಾಗ ಔಷಧವಿಲ್ಲದವರಿಗೆ ಅಪಘಾತದ ಭಾಗವು ಉಳಿದೆಲ್ಲಕ್ಕಿಂತ ಚೆನ್ನಾಗಿ ನೆನಪಿತ್ತು. ಪ್ರೊಪ್ರಾನೊಲಾಲ್ ಪಡೆದವರಿಗೆ ಆ ವಿಶೇಷ ಕಾಣಲಿಲ್ಲ. ಭಯ, ಕೋಪ, ದುಃಖಗಳು ಬಂದಾಗ ದೇಹದಲ್ಲಿ ಅಡ್ರಿನಲಿನ್ ಹರಿಯುತ್ತದೆ. ಮೆದುಳಿನಲ್ಲಿರುವ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗವು ಎಚ್ಚೆತ್ತು ಆ ಹೊತ್ತಿನ ನೆನಪನ್ನು ಗಟ್ಟಿಗೊಳಿಸುತ್ತದೆ. ಆ ರಾಸಾಯನಿಕದ ಪ್ರಭಾವವನ್ನು ತಡೆದರೆ ಬಣ್ಣವೂ ಹಿಡಿಯುವುದಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸರಿಯೇ. ಭಾವವು ನೆನಪನ್ನು ಬಲಪಡಿಸುತ್ತದೆ. ಹಾವು ಕಂಡ ಜಾಗವನ್ನು ಮರೆತರೆ ಜೀವ ಉಳಿಯುವುದು ಕಷ್ಟ. ಆದರೆ ಬಲವಾದದ್ದು ನಿಜವಾದದ್ದೂ ಆಗಿರಬೇಕೇ?

ನಮ್ಮ ಜಿಲ್ಲೆಯವರಿಗೆ ಪರಿಚಿತವಾದ ಒಂದು ದಿನವನ್ನು ತೆಗೆದುಕೊಳ್ಳೋಣ. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮಲಯಾಳ ಮನೆಮಾತಿನ ಕುಟುಂಬಗಳಿಗೆ ಅದು ಕೇರಳ ಹುಟ್ಟಿದ ಸಂಭ್ರಮದ ದಿನ. ಕನ್ನಡದ ಮನೆಗಳಿಗೆ ಅದು ಮನೆಯೇ ಕೈತಪ್ಪಿದ ದಿನ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ತಮ್ಮ ದೀರ್ಘ ಜೀವಿತದ ಕೊನೆಯವರೆಗೂ ಆ ನೋವನ್ನು ನುಡಿಯುತ್ತಲೇ ಇದ್ದರು. ಗಡಿಯಾಚೆ ತಲಪಾಡಿ ದಾಟಿದರೆ ಅದೇ ದಿನ ರಾಜ್ಯೋತ್ಸವ. ನಮ್ಮ ಬಸದಿಗೆ ಬರುವ ಕುಟುಂಬಗಳಲ್ಲಿ ಕನ್ನಡ, ತುಳು, ಮಲಯಾಳ, ಗುಜರಾತಿ, ಮಾರವಾಡಿ ಎಲ್ಲ ಮಾತಿನವರೂ ಇರುವುದರಿಂದ ನಾನು ಇಲ್ಲಿ ಯಾರ ಪಕ್ಷವನ್ನೂ ವಹಿಸಲು ಹೊರಟಿಲ್ಲ. ಆ ವಿವಾದಕ್ಕೆ ಕಾಗದದ ದಾಖಲೆಯಿದೆ. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟದ್ದೂ ಅದು ಜಾರಿಗೆ ಬಾರದೆ ಉಳಿದದ್ದೂ ಇತಿಹಾಸ. ನಾನು ಹೇಳಬೇಕಾದದ್ದು ಬೇರೆ. ಆ ದಿನ ಸಂಜೆ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೂ ಯಾರೂ ಮಾತಾಡದೆ ಕುಳಿತದ್ದು, ಅಜ್ಜನವರು ಜಗಲಿಯ ಕಂಬಕ್ಕೆ ಒರಗಿ ಮುಖ ತಿರುಗಿಸಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಹುಟ್ಟಿದ್ದು ಅದಾದ ಬಹಳ ವರ್ಷಗಳ ಮೇಲೆ! ಅಮ್ಮ ಹೇಳುತ್ತಿದ್ದುದನ್ನು ಅಳುಕಿನಿಂದ ಕೇಳುತ್ತ ಕೇಳುತ್ತ, ಹೇಳಿದವರ ಧ್ವನಿ ಮಾಸಿ ಚಿತ್ರ ಮಾತ್ರ ನನ್ನದಾಗಿ ಉಳಿದಿದೆ.

ಹುಟ್ಟುವ ಮೊದಲಿನದಾದ್ದರಿಂದ ಈ ತಪ್ಪು ಕೂಡಲೇ ಗೊತ್ತಾಗುತ್ತದೆ. ಹುಟ್ಟಿದ ಮೇಲಿನದಾಗಿದ್ದರೆ? 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಆಕಾಶದಲ್ಲಿ ಸಿಡಿದು ಏಳು ಮಂದಿ ಮಡಿದರು. ಮರುದಿನ ಬೆಳಿಗ್ಗೆ ಉಲ್ರಿಕ್ ನೈಸರ್ ಎಂಬ ಮನಃಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿಯನ್ನು ಎಲ್ಲಿ, ಯಾರಿಂದ, ಏನು ಮಾಡುತ್ತಿದ್ದಾಗ ಕೇಳಿದಿರೆಂದು ಬರೆಯಿಸಿ ಇಟ್ಟುಕೊಂಡರು. ಸುಮಾರು ಎರಡೂವರೆ ವರ್ಷಗಳ ಅನಂತರ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆಗಳನ್ನು ಹಾಕಿದರು. ನಾಲ್ಕರಲ್ಲೊಂದು ಪಾಲಿನವರು ಮುಖ್ಯ ಸಂಗತಿಗಳೆಲ್ಲವನ್ನೂ ತಪ್ಪಾಗಿಯೇ ಹೇಳಿದರು. ಹಾಗಿದ್ದೂ ತಮ್ಮ ನೆನಪೇ ಸರಿಯೆಂಬ ಭರವಸೆಗೆ ಕೊರತೆಯಿರಲಿಲ್ಲ. ಅವರದೇ ಕೈಬರಹದ ಕಾಗದವನ್ನು ತೋರಿಸಿದರೂ ಹಳೆಯ ನಿಜ ಮರಳಿ ನೆನಪಿಗೆ ಬರಲಿಲ್ಲ. ಮಗಳು ಇದನ್ನು ಹೇಳಿದಾಗ ನಾನು ಊಟದ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕುಳಿತುಬಿಟ್ಟೆ. ಕಾರಣವನ್ನು ಆಕೆಗೆ ಅಂದು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಅದೇ 1986ರ ಮಳೆಗಾಲದಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಸೂತಕ ಕಳೆದ ಮರುವಾರ ಬಂಧುಗಳು ನಾಲ್ಕಾರು ಮಂದಿ ಅಂಗಡಿಯ ಮಾಳಿಗೆಯಲ್ಲಿ ಸೇರಿದರು. ಅಲ್ಲಿ ನನ್ನ ಅಣ್ಣ, 'ಈ ಅಂಗಡಿ ನಿಂತಿರುವುದು ನನ್ನಿಂದ. ಅವನಿಗೆ ವ್ಯಾಪಾರದ ಗಂಧವಿಲ್ಲ. ಅವನ ಕೈಗೆ ಹಣ ಕೊಡುವುದೂ ಹೊಳೆಗೆ ಹಾಕುವುದೂ ಒಂದೇ' ಎಂದರು. ಅಣ್ಣ ಹಿತ್ತಾಳೆಯ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಬಡಿಯುತ್ತಿದ್ದರು. ಒದ್ದೆ ಗೋಣಿಯ ಮೆಣಸಿನ ಘಾಟು, ಹೆಂಚಿನ ಸಂದಿಯಿಂದ ಬಾಲ್ದಿಗೆ ತೊಟ್ಟಿಕ್ಕುತ್ತಿದ್ದ ನೀರು, ಯಾರೂ ನನ್ನ ಮುಖ ನೋಡದೆ ಕುಳಿತದ್ದು, ಎಲ್ಲವೂ ಇಂದಿಗೂ ನನ್ನ ಎದುರಿಗಿವೆ. ಆ ವರ್ಷವೇ ನಾನು ಬೇರೆಯಾದೆ. ಕೋರ್ಟು ಕಚೇರಿಗೆ ಹೋದವರಲ್ಲ ನಾವು. ಮದುವೆ, ಗೃಹಪ್ರವೇಶಗಳಲ್ಲಿ ಎದುರಾದರೆ ಕ್ಷೇಮಸಮಾಚಾರ ವಿಚಾರಿಸಿ ಬೇರೆ ಬೇರೆ ಸಾಲುಗಳಲ್ಲಿ ಊಟಕ್ಕೆ ಕೂರುತ್ತಿದ್ದೆವು. ಪ್ರತಿವರ್ಷ ಕ್ಷಮಾವಣಿಯ ಕಾರ್ಡುಗಳನ್ನು ಅಚ್ಚು ಹಾಕಿಸಿ ನೂರಾರು ಮಂದಿಗೆ ಕಳುಹಿಸುವ ಅಭ್ಯಾಸ ನನ್ನದು. ಅಣ್ಣನಿಗೂ ಕಳುಹಿಸುತ್ತಿದ್ದೆ. ಅವರ ಮನೆ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ಕಾರ್ಡು ಮಾತ್ರ ಅಂಚೆಯಲ್ಲಿ ಹೋಗುತ್ತಿತ್ತು.

2020ರಲ್ಲಿ ಅಣ್ಣ ತೀರಿಕೊಂಡರು. ಎರಡು ವರ್ಷಗಳ ಮೇಲೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಹಳೆಯ ಅಂಗಡಿಯನ್ನು ಬಿಟ್ಟುಕೊಡಬೇಕಾಗಿ ಬಂತು. ಅಣ್ಣನ ಮಗ ಫೋನು ಮಾಡಿ, 'ಚಿಕ್ಕಪ್ಪ, ಅಜ್ಜನ ಕಾಲದ ಪುಸ್ತಕಗಳಿವೆ, ಗೆದ್ದಲು ಹಿಡಿದಿದೆ, ಬೇಕಾದದ್ದನ್ನು ಆರಿಸಿಕೊಳ್ಳಿ' ಎಂದ. ಕೆಂಪು ಬಟ್ಟೆಯ ರಟ್ಟಿನ ಕಿರ್ದಿಗಳ ರಾಶಿಯಲ್ಲಿ 1986ರದ್ದೂ ಇತ್ತು. ತಂದೆಯವರು ತೀರಿಕೊಂಡ ದಿನದ ಪುಟವನ್ನು ನೋಡಬೇಕೆಂದು ತೆರೆದವನು ಮುಂದಿನ ಪುಟಗಳನ್ನೂ ಮಗುಚಿದೆ. ಒಂದು ದಿನದ ಖರ್ಚಿನಲ್ಲಿ ಅಣ್ಣನ ಅಕ್ಷರದಲ್ಲಿ 'ಬಂಧುಗಳು ಸೇರಿದ ಬಾಬ್ತು ಕಾಫಿ ತಿಂಡಿ' ಎಂದಿತ್ತು. ಅದರ ಕೆಳಗೇ ಮಂಗಳೂರು ಬಂದರಿನ ಮಂಡಿಗೆ ಹೋದ ಮೆಣಸಿನ ಲಾರಿ ಬಾಡಿಗೆ, ನನ್ನ ಹೆಸರಿನಲ್ಲಿ ಎರಡು ದಿನದ ಊಟ ಮತ್ತು ವಸತಿಯ ಖರ್ಚು. ಗುಂಡುಸೂಜಿಯಿಂದ ಚುಚ್ಚಿದ್ದ ತೂಕದ ಚೀಟಿಯಲ್ಲಿ ಅದೇ ತಾರೀಕು, ಕೆಳಗೆ ನನ್ನ ರುಜು.

ನಾನು ಆ ದಿನ ಆ ಮಾಳಿಗೆಯಲ್ಲಿ ಇರಲೇ ಇಲ್ಲ.

ಬಹಳ ಹೊತ್ತು ಕುಳಿತು ಯೋಚಿಸಿದ ಮೇಲೆ, ಮಂಗಳೂರಿನಿಂದ ಮರಳಿದ ಸಂಜೆ ಬಸ್ಸು ಇಳಿದಲ್ಲಿ ಬಂಧುಗಳೊಬ್ಬರು ಎದುರಾಗಿ ಏನನ್ನೋ ಹೇಳಿದ್ದು ಮಂಜುಮಂಜಾಗಿ ನೆನಪಾಯಿತು. ಅವರೂ ಈಗ ಇಲ್ಲ. ಅವರು ಹೇಳಿದ ಮಾತು ಎಷ್ಟು, ನನ್ನ ಸಿಟ್ಟು ಸೇರಿಸಿದ್ದು ಎಷ್ಟು, ಇದನ್ನು ಬೇರ್ಪಡಿಸುವ ತಕ್ಕಡಿ ನನ್ನಲ್ಲಿಲ್ಲ. ಬಾಲ್ದಿಗೆ ನೀರು ತೊಟ್ಟಿಕ್ಕುತ್ತಿದ್ದುದು ಪ್ರತಿ ಮಳೆಗಾಲದ ಸಂಗತಿ. ಅಣ್ಣ ತಕ್ಕಡಿ ಬಡಿಯುತ್ತಿದ್ದುದು ಅವರ ದಿನನಿತ್ಯದ ಅಭ್ಯಾಸ. ಹೀಗೆ ಎಲ್ಲಿಂದಲೋ ಆಯ್ದ ತುಂಡುಗಳಿಂದ ಒಂದು ದಿನವನ್ನೇ ಕಟ್ಟಿಕೊಂಡಿದ್ದೆ. ನೆನಪನ್ನು ಹೊರತೆಗೆದಾಗಲೆಲ್ಲ ಅದು ಸ್ವಲ್ಪ ಹೊತ್ತು ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತದೆ, ಆ ವೇಳೆಯಲ್ಲಿ ಅದು ಬದಲಾಗಬಲ್ಲುದು ಎಂಬುದಕ್ಕೆ 2000ದಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗವು ಆಧಾರ ಒದಗಿಸಿತಂತೆ. ಮನೆಯವಳಿಗೆ, ಸ್ನೇಹಿತರಿಗೆ, ನಿದ್ದೆ ಬಾರದ ರಾತ್ರಿಗಳಲ್ಲಿ ನನಗೆ ನಾನೇ, ಈ ಕಥೆಯನ್ನು ಎಷ್ಟು ಸಲ ಹೇಳಿರಬೇಡ! ಪ್ರತಿ ಸಲವೂ ಒಂದು ಕೈ ಚೊಗರು ಹಚ್ಚಿದ್ದೇನೆ.

ಲೆಕ್ಕಪುಸ್ತಕದ ಮಾತು ಬಂದುದರಿಂದ ಒಂದು ವಿಷಯ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಪ್ರತಿಷ್ಠೆ ಕ್ರಿ.ಶ. 981ರ ಮಾರ್ಚ್ 13ರಂದು ಆಯಿತೆಂದು ನಿರ್ಣಯಿಸಿದವರು ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು. ಸಾವಿರ ವರ್ಷಗಳ ಹಿಂದಿನ ದಿನವನ್ನು ಕಂಡವರು ಯಾರೂ ಇರಲಿಲ್ಲ. ಗ್ರಂಥದಲ್ಲಿ ಹೇಳಿದ ತಿಥಿ, ವಾರ, ನಕ್ಷತ್ರಗಳನ್ನು ಗಣಿಸಿ ಅವರು ಆ ದಿನಕ್ಕೆ ತಲುಪಿದರು. ನಾನು ನನ್ನ ಮನೆಯ ಒಂದು ದಿನಕ್ಕೆ ಅಷ್ಟು ಶ್ರಮ ಪಡಲಿಲ್ಲ. ಕಿರ್ದಿ ಹತ್ತು ನಿಮಿಷದ ದಾರಿಯಲ್ಲಿಯೇ ಇತ್ತು.

ಕೋಪವು ನಾಲ್ಕು ತೆರನಾದುದೆಂದು ಗೊಮ್ಮಟಸಾರವು ಹೇಳುತ್ತದೆ: ಕಲ್ಲಿನ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಅಷ್ಟೇ ಅಲ್ಲ, ಒಂದೊಂದರ ವಾಸನೆ ಎಷ್ಟು ಕಾಲ ಉಳಿಯುತ್ತದೆಂಬ ಲೆಕ್ಕವೂ ಅಲ್ಲಿದೆ. ಸಂಜ್ವಲನವು ಒಂದು ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣವು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣವು ಆರು ತಿಂಗಳು. ಅದಕ್ಕೂ ಮೀರಿ ಭವಭವಗಳಿಗೆ ಹರಿಯುವುದು ಅನಂತಾನುಬಂಧಿ. ಶ್ವೇತಾಂಬರ ಪರಂಪರೆಯಲ್ಲಿ ಪಕ್ಷ, ನಾಲ್ಕು ತಿಂಗಳು, ವರ್ಷ, ಜೀವಮಾನ ಎಂದು ಎಣಿಸುತ್ತಾರೆ. ನಮ್ಮ ಗುಜರಾತಿ ಬಂಧುಗಳು ಆಚರಿಸುವ ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣಗಳನ್ನು ಈ ಗಡುವುಗಳೊಂದಿಗೆ ಹೋಲಿಸಿ ನೋಡಿದರೆ ಅರ್ಥವಾಗುತ್ತದೆ. ಕೋಪದ ಪ್ರಮಾಣವನ್ನು ಅದರ ಆರ್ಭಟದಿಂದ ಅಳೆಯದೆ ನೆನಪಿನಲ್ಲಿ ಉಳಿಯುವ ಕಾಲದಿಂದ ಅಳೆದದ್ದು ನನಗೆ ಬಹಳ ಸೂಕ್ಷ್ಮವಾಗಿ ಕಾಣುತ್ತದೆ. ನಾನು ಅಣ್ಣನೆದುರು ಒಂದು ದಿನವೂ ಧ್ವನಿ ಏರಿಸಿದವನಲ್ಲ. 1986ರಿಂದ 2020ಕ್ಕೆ 34 ವರ್ಷ. ಯಾವ ಪರಂಪರೆಯ ಲೆಕ್ಕ ಹಿಡಿದರೂ ನಾನು ಯಾವ ಸಾಲಿಗೆ ಸೇರುತ್ತೇನೆಂದು ಹೇಳಬೇಕಾಗಿಲ್ಲ.

'ಕ್ಷಮಿಸಿಬಿಡು, ಮರೆತುಬಿಡು' ಎಂದು ಹೇಳುವ ರೂಢಿಯಿದೆ. ಇವೆರಡೂ ಒಂದೇ ಎಂಬುದನ್ನು ನಾನು ಒಪ್ಪಲಾರೆ. ಪಾರ್ಶ್ವನಾಥ ಸ್ವಾಮಿಯ ಪೂರ್ವಭವಗಳಲ್ಲಿ ಮರುಭೂತಿ ಮತ್ತು ಕಮಠರು ಒಡಹುಟ್ಟಿದವರು. ಕ್ಷಮೆ ಕೇಳಲು ಬಂದ ತಮ್ಮನನ್ನೇ ಕಮಠನು ಬಂಡೆಯಿಂದ ಕೊಂದನು. ಮರುಭೂತಿಯ ಜೀವ ವಜ್ರಘೋಷವೆಂಬ ಆನೆಯಾಗಿ, ಮುನಿಯಾಗಿದ್ದ ಅರವಿಂದರಾಜನನ್ನು ಕಂಡಾಗ ಅದಕ್ಕೆ ಜಾತಿಸ್ಮರಣವುಂಟಾಗಿ ವ್ರತಗಳನ್ನು ಸ್ವೀಕರಿಸಿತು. ಕಮಠನ ಜೀವ ಸರ್ಪವಾಗಿ ಬಂದು ಆ ಆನೆಯನ್ನು ಕಚ್ಚಿತು. ಸರ್ಪಕ್ಕೆ ಜಾತಿಸ್ಮರಣವಾಯಿತೆಂದು ನಾನು ಕೇಳಿದ ಪ್ರವಚನಗಳಲ್ಲಿ ಯಾರೂ ಹೇಳಲಿಲ್ಲ. ನಡೆದದ್ದೆಲ್ಲ ನೆನಪಾದ ಆನೆಯಲ್ಲಿ ವೈರವಿಲ್ಲ. ಏನೂ ನೆನಪಿಲ್ಲದ ಸರ್ಪದಲ್ಲಿ ವೈರ ಮಾತ್ರ ಉಳಿದಿದೆ. ಸ್ವಿಟ್ಜರ್ಲೆಂಡಿನ ವೈದ್ಯ ಕ್ಲಾಪರೇಡ್ 1911ರಲ್ಲಿ ಬರೆದ ಸಂಗತಿಯೂ ಇದಕ್ಕೆ ಹತ್ತಿರವಾದುದು. ಹೊಸ ನೆನಪುಗಳೇ ನಿಲ್ಲದ ಒಬ್ಬ ರೋಗಿಗೆ ಅವರು ಕೈಯಲ್ಲಿ ಸೂಜಿ ಅಡಗಿಸಿಕೊಂಡು ಹಸ್ತಲಾಘವ ಮಾಡಿದರು. ಮುಂದೆ ಆಕೆಗೆ ಚುಚ್ಚಿದ್ದು ನೆನಪಿರಲಿಲ್ಲ, ಆದರೂ ಕೈ ಕೊಡಲು ಒಪ್ಪಲಿಲ್ಲ. ಮರೆತ ಮಾತ್ರಕ್ಕೆ ಭಾವ ಹೋಗುವುದಿಲ್ಲ. ಇನ್ನೊಂದು ತುದಿಯಲ್ಲಿ ಕೇವಲಜ್ಞಾನಿಗೆ ಮರೆವೆಂಬುದೇ ಇಲ್ಲ. ಸಕಲ ಜೀವಿಗಳ ಸಕಲ ಕೃತ್ಯಗಳನ್ನು ಅರಿತೂ ಅಲ್ಲಿ ರೋಷವಿಲ್ಲ. ಆ ಜ್ಞಾನ ಪ್ರಾಪ್ತವಾಗುವ ಕ್ರಮವನ್ನು ಸೂತ್ರಕಾರರು ಹೇಳಿರುವ ರೀತಿಯನ್ನು ನಾನು ಅನೇಕ ವರ್ಷ ಬಾಯಿಪಾಠ ಹೇಳಿದ್ದೆ, ಯೋಚಿಸಿರಲಿಲ್ಲ. ಮೊದಲು ಮೋಹನೀಯ ಕರ್ಮ ಕ್ಷಯವಾಗಬೇಕು. ಆ ಬಳಿಕವೇ ಜ್ಞಾನಾವರಣ ಹೋಗುವುದು. ಇದ್ದದ್ದನ್ನು ಇದ್ದ ಹಾಗೆ ತಿಳಿಯಬೇಕಾದರೆ ಬಣ್ಣ ಮೊದಲು ಇಳಿಯಬೇಕು.

ಅನ್ಯಾಯಕ್ಕೆ ಒಳಗಾದವರ ನೆನಪೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅನ್ಯಾಯ ಮಾಡಿದವರಿಗೆ ಅನುಕೂಲವಾದೀತು. ಅಣ್ಣ ಆ ಮಾತನ್ನು ಆಡಿಯೇ ಇರಲಿಲ್ಲವೆಂದು ಕಿರ್ದಿಯೂ ಹೇಳುವುದಿಲ್ಲ. ನಾನು ಕೇಳಲಿಲ್ಲವೆಂದಷ್ಟೇ ಹೇಳುತ್ತದೆ.

ಪುಸ್ತಕವನ್ನು ಹಿಡಿದುಕೊಂಡೇ ಅತ್ತಿಗೆಯವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿ, 'ಅಣ್ಣ ಹಾಗೆ ಅಂದಿದ್ದರೇ?' ಎಂದು ಕೇಳಿದೆ. ಅತ್ತಿಗೆ ತಕ್ಷಣ ಉತ್ತರಿಸಲಿಲ್ಲ. 'ಅಂದಿರಲೂಬಹುದು. ಆಗ ಅವರ ತಲೆಯ ಮೇಲೆ ನೂರು ಭಾರ. ಆದರೆ ನೀನು ಮಂಗಳೂರಿನಿಂದ ಬಂದವನು ಏಕೆ ಮಾತು ಬಿಟ್ಟೆ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕೇಳಿಸು ಎಂದು ನನ್ನ ಹತ್ತಿರ ಎರಡು ಸಲ ಹೇಳಿದ್ದರು. ನಾನೂ ಕೇಳಲಿಲ್ಲ' ಎಂದರು. ಅನಂತರ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿಯನ್ನು ತಂದು ಮುಂದಿಟ್ಟರು. ಅದರಲ್ಲಿ ನಾನು ಕಳುಹಿಸಿದ ಕ್ಷಮಾವಣಿ ಕಾರ್ಡುಗಳಿದ್ದವು, ವರ್ಷವಾರು ಜೋಡಿಸಿ ನೂಲಿನಿಂದ ಕಟ್ಟಿದ್ದವು. ಒಂದೊಂದನ್ನೇ ತಿರುಗಿಸಿ ನೋಡಿದೆ. ಎಲ್ಲದರಲ್ಲೂ ಮುದ್ರಣಾಲಯದವರು ಹಾಕಿದ ಅದೇ ನಾಲ್ಕು ಸಾಲು, ಕೆಳಗೆ ನನ್ನ ಅಂಗಡಿಯ ರಬ್ಬರ್ ಸ್ಟಾಂಪು. ವಿಳಾಸವನ್ನು ಬಿಟ್ಟರೆ ನನ್ನ ಕೈಯಕ್ಷರ ಒಂದರಲ್ಲೂ ಇರಲಿಲ್ಲ.